ಏಳು ಮತ್ತು ಎಂಟನೆಯ ಪೆಟ್ಟಿಗೆ

ಬರ್ಗೆನ್, ೧೬ ಏಪ್ರಿಲ್ ೧೯೫೩

ಪ್ರಿಯ ಯೋರುನ್,

ನಿನ್ನೆ ಬಂದರಿಗೆ ಬರಲಾಗಲಿಲ್ಲ. ಉಪ್ಪು ಅಳೆಯಲೆಂದು ಮೇಜಿನ ಮೇಲೆ ಹನ್ನೆರಡು ಶೀಶೆ ಸಮುದ್ರದ ನೀರು ತೆರೆದಿದ್ದೆ. ತೆರೆದ ನೀರು ಯಾರಿಗೂ ಕಾಯುವುದಿಲ್ಲವೆಂದು ನಿನಗೂ ಗೊತ್ತು. ಹಡಗಿನ ಕೂಗು ಕಿಟಕಿಯಿಂದ ಕೇಳಿತು. ಪ್ರಯೋಗಶಾಲೆಯ ಉಳಿದವರೆಲ್ಲ ಕೈಬೀಸಲು ಹೋಗಿದ್ದರು. ಹಿಂದಿರುಗಿ ಬಂದು ನಿನ್ನ ಹೊಸ ಪ್ಯಾಂಟಿನ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಹೆಂಗಸರಿಗೆ ಅಂಥ ಪ್ಯಾಂಟು ಹೊಲಿದುಕೊಡುವವರು ಈ ಊರಿನಲ್ಲಿ ಇದ್ದಾರೆಂದು ನನಗೆ ತಿಳಿದಿರಲಿಲ್ಲ. ಬೇಕಾಗಿಯೂ ಇರಲಿಲ್ಲ.

ನಿನ್ನ ಕೋಣೆ ಹೇಗಿದೆ? ಆಲೂಗಡ್ಡೆ ಇಡುತ್ತಿದ್ದ ಜಾಗವನ್ನು ಖಾಲಿ ಮಾಡಿಸಿ ಮಂಚ ಹಾಕಿಸಿದ್ದೇನೆಂದು ಡಾಕ್ಟರ್ ಟ್ವೈಟ್ ಎಲ್ಲರ ಮುಂದೆ ಹೇಳಿದರು. ಸಂಸ್ಥೆಯ ಮುಖ್ಯಸ್ಥರು ಆಲೂಗಡ್ಡೆಯ ವಿಷಯದಲ್ಲಿ ಅಷ್ಟು ಹೆಮ್ಮೆಪಟ್ಟದ್ದನ್ನು ನಾನು ಕಂಡಿರಲಿಲ್ಲ. ೧೯೪೬ರಲ್ಲಿ ನಾನು ಅರ್ಜಿ ಹಾಕಿದಾಗಲೂ ಆ ಕೋಣೆ ಅಲ್ಲೇ ಇತ್ತು. ೧೯೪೮ರಲ್ಲಿ ಇತ್ತು, ೧೯೫೧ರಲ್ಲೂ ಇತ್ತು. ಮೂರು ಸಲವೂ ಹೆಂಗಸರಿಗೆ ಹಡಗಿನಲ್ಲಿ ಕೋಣೆಯಿಲ್ಲವೆಂದು ಉತ್ತರ ಬಂತು. ನೀನು ಜನವರಿಯಲ್ಲಿ ಕಾಫಿ ಕುಡಿಯುತ್ತ, ನಗುತ್ತ ಕೇಳಿದೆ, ಸಿಕ್ಕಿತು. ದೂರುತ್ತಿಲ್ಲ. ನಡೆದದ್ದನ್ನು ಬರೆದೆ.

ಕೆಲಸದ ಮಾತು. ಆಳದಿಂದ ಹಿತ್ತಾಳೆ ಬಾಟಲಿ ಮೇಲೆ ಬಂದ ಕೂಡಲೇ ನೀರು ತೆಗೆದುಕೊ, ಥರ್ಮಾಮೀಟರ್ ಆಮೇಲೆ ಓದು. ಗಾಜಿನ ಶೀಶೆಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು, ನಾಲ್ಕನೆಯ ಸಲ ತುಂಬು. ಸರಿಯಾಗಿ ತೊಳೆಯದಿದ್ದರೆ ಒಳಗೆ ಒಣಗಿ ನಿಂತ ಹಳೆಯ ಉಪ್ಪು ಹೊಸ ನೀರಿಗೆ ಸೇರುತ್ತದೆ. ಅದು ನಿನ್ನ ಕಣ್ಣಿಗೆ ಕಾಣುವುದಿಲ್ಲ, ನನ್ನ ಮೇಜಿನ ಮೇಲೆ ಕಾಣುತ್ತದೆ. ನಾಲ್ಕು ವರ್ಷ ನನ್ನ ಪಕ್ಕದಲ್ಲಿ ಕುಳಿತು ಕಲಿತವಳಿಗೆ ಇದನ್ನು ಮತ್ತೆ ಹೇಳಬೇಕಾಗಿಲ್ಲ. ಆದರೂ ಹೇಳಿದ್ದೇನೆ.

ಹನ್ನೊಂದು ಪೆಟ್ಟಿಗೆ ತುಂಬಿ ಕಳಿಸಿದ್ದೇನೆ, ಪೆಟ್ಟಿಗೆಗೆ ಇಪ್ಪತ್ತನಾಲ್ಕು ಶೀಶೆ. ಪಿಂಗಾಣಿ ಮುಚ್ಚಳಗಳಿಗೆಲ್ಲ ರಬ್ಬರ್ ಬಳೆ ನಾನೇ ಹಾಕಿದ್ದೇನೆ. ಬೆಚ್ಚಗಿರು.

ನಿನ್ನ ಅಕ್ಕ,
ಹಾಲ್ದಿಸ್


ಹಾವ್‌ಸೂಲಾ ಹಡಗಿನಿಂದ, ೩ ಮೇ

ಅಕ್ಕಾ,

ಇಂದು ಟೋರ್ಸ್‌ಹಾವ್ನ್ ಬಂದರು ಸೇರಿದೆವು, ನಿನ್ನ ಕಾಗದ ಇಲ್ಲಿ ಕಾದಿತ್ತು. ನಾಳೆ ಇಲ್ಲಿಂದ ಈ ಕಾಗದವೂ ಮೊದಲ ಮೂರು ಪೆಟ್ಟಿಗೆಗಳೂ ನಿನ್ನ ಕಡೆಗೆ ಹೊರಡುತ್ತವೆ. ಮೊದಲ ಮೂರು ದಿನ ನಾನು ಬಕೆಟ್ಟಿನ ಜೊತೆ ಸಂಸಾರ ಮಾಡಿದೆ. ನಾಲ್ಕನೆಯ ದಿನ ಆಸ್ಲಾಕ್ ಬಂದು ಬಾಗಿಲು ಬಡಿದ. ಆಸ್ಲಾಕ್ ಎಂದರೆ ತಂತಿಯ ರಾಟೆ ನೋಡಿಕೊಳ್ಳುವವನು, ಓಲೆಸುಂಡಿನವನು, ಅರುವತ್ತರ ಹತ್ತಿರದವನು.

"ಏನಮ್ಮಾ, ಬದುಕಿದೀಯಾ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ ಬದುಕಿದೀಯ ಅಂತ. ಎದ್ದು ಬಾ. ಸಾವಿರ ಮೀಟರ್ ಆಳ ಸಿಕ್ಕಿದೆ. ನೀನು ಬರದಿದ್ರೆ ನಾನೇ ನೀರು ತೆಗೀತೀನಿ, ಆಮೇಲೆ ನಿಮ್ಮಕ್ಕ ನನ್ನ ಕೊಲ್ತಾಳೆ."

ನೋಡು, ನಿನ್ನ ಹೆಸರು ಇಲ್ಲಿಯೂ ನಡೆಯುತ್ತದೆ. ಎದ್ದು ಹೋದೆ.

ಒಂದು ತಂತಿಗೆ ಎಂಟು ನಾನ್ಸೆನ್ ಬಾಟಲಿ ಕಟ್ಟಿದೆವು. ಅಪ್ಪ ಅಡುಗೆಮನೆಯ ಮೇಜಿನ ಮೇಲೆ ಇಂಥ ಬಾಟಲಿಗಳ ಕವಾಟ ತಿಕ್ಕುತ್ತ ಕೂರುತ್ತಿದ್ದ ಅದೇ ಹಿತ್ತಾಳೆ, ಅದೇ ವಾಸನೆ. ಎರಡೂ ತುದಿಯ ಬಾಯಿ ತೆರೆದುಕೊಂಡೇ ಅವು ಕೆಳಗಿಳಿಯುತ್ತವೆ. ಎಲ್ಲವೂ ತಮ್ಮ ತಮ್ಮ ಆಳ ತಲುಪಿದ ಮೇಲೆ ಹತ್ತು ನಿಮಿಷ ಕಾದು, ತಂತಿಗೆ ಸಣ್ಣ ಹಿತ್ತಾಳೆಯ ಗುಂಡೊಂದನ್ನು ಸಿಕ್ಕಿಸಿ ಬಿಡುತ್ತೇವೆ. ಇವರು ಅದನ್ನು ದೂತ ಎನ್ನುತ್ತಾರೆ. "ತಂತಿ ಮೇಲೆ ಎರಡು ಬೆರಳಿಡು, ಸುಮ್ನೆ ನಿಂತ್ಕೋ," ಎಂದ ಆಸ್ಲಾಕ್. ಇಟ್ಟೆ. ಒಂದು ಏಟು ಬೆರಳಿಗೆ ಬಂತು, ಬಾಗಿಲ ಆಚೆ ಯಾರೋ ಉಗುರಿನಿಂದ ತಟ್ಟಿದ ಹಾಗೆ. ಮೊದಲ ಬಾಟಲಿ ತಲೆಕೆಳಗಾಗಿ, ಬಾಯಿ ಮುಚ್ಚಿಕೊಂಡು, ತನ್ನ ಹೊಟ್ಟೆಗೆ ಕಟ್ಟಿದ್ದ ದೂತನನ್ನು ಕೆಳಗಿನದಕ್ಕೆ ಕಳಿಸಿತು. ಇನ್ನೊಂದು ಏಟು ಬಂತು, ಮೊದಲಿನದಕ್ಕಿಂತ ಸಣ್ಣದು. ಎಂಟನೆಯದು ಬಂದಿತೋ ಇಲ್ಲವೋ ಹೇಳಲಾರೆ. "ಬಂತು," ಎಂದ ಆಸ್ಲಾಕ್. ಅವನ ಬೆರಳಿಗೆ ಬಂದಿತ್ತು.

ಹದಿನಾರು ವರ್ಷದಿಂದ ನೀನು ಅಳೆಯುತ್ತಿರುವ ನೀರು ಹೀಗೆ ಬರುತ್ತದೆ ಅಕ್ಕಾ. ನಿನಗೆ ಇದನ್ನು ಹೇಳದೆ ನಿದ್ದೆ ಬರುತ್ತಿರಲಿಲ್ಲ.

ಶೀಶೆಗಳನ್ನು ಮೂರು ಸಲ ತೊಳೆಯುತ್ತಿದ್ದೇನೆ. ಅನುಮಾನ ಬಂದರೆ ನಾಲ್ಕು ಸಲ. "ಸಮುದ್ರಕ್ಕೇ ಸ್ನಾನ ಮಾಡಿಸ್ತೀಯೇನು?" ಎಂದು ಆಸ್ಲಾಕ್ ಬೈಯುತ್ತಾನೆ.

ಬಂದರಿಗೆ ಯಾಕೆ ಬರಲಿಲ್ಲ? ಹನ್ನೆರಡು ಶೀಶೆಯ ಕಥೆ ಬೇಡ.

ನಿನ್ನ,
ಯೋರುನ್


ಬರ್ಗೆನ್, ೨೦ ಮೇ

ಪ್ರಿಯ ಯೋರುನ್,

ಪೆಟ್ಟಿಗೆಗಳು ಬಂದಿವೆ. ಒಂದು, ಎರಡು, ಮೂರು, ಎಲ್ಲವೂ ಸರಿ. ಸಾವಿರ ಮೀಟರಿನಿಂದ ಕೆಳಗೆ ಉಪ್ಪು ಸಾವಿರಕ್ಕೆ ೩೪.೯೨, ಮತ್ತೆ ೩೪.೯೨. ಅಲ್ಲಿನ ನೀರು ಎಂದಿಗೂ ಬದಲಾಗುವುದಿಲ್ಲ. ಬದಲಾದರೆ ತಪ್ಪು ಮನುಷ್ಯರದು. ಚೀಟಿಯ ಮೇಲೆ ನೀನು ಬರೆಯುವ ಏಳು ಮತ್ತು ಒಂದರ ಅಂಕಿಗಳು ಒಂದೇ ರೀತಿ ಕಾಣುತ್ತವೆ. ತಿದ್ದಿಕೊ.

ಮಂಗಳವಾರ ಪತ್ರಿಕೆಯವರು ಬಂದಿದ್ದರು. ಸಮುದ್ರಕ್ಕೆ ಹೋದ ಹುಡುಗಿಯ ಮೇಜು ಯಾವುದೆಂದು ಕೇಳಿದರು. ನಿನ್ನ ಖಾಲಿ ಕುರ್ಚಿಯ ಚಿತ್ರ ತೆಗೆದರು. ನಾನು ಪಕ್ಕದ ಕುರ್ಚಿಯಲ್ಲಿ ಕೆಲಸ ಮಾಡುತ್ತಿದ್ದೆ. ಆ ಚಿತ್ರ ತೆಗೆಯುವವನು ಬಹಳ ಮರ್ಯಾದೆಯಿಂದ, "ಮೇಡಂ, ಸ್ವಲ್ಪ ಆ ಕಡೆಗೆ ಸರೀತೀರಾ? ನಿಮ್ಮ ಕೈ ಅಡ್ಡ ಬರ್ತಾ ಇದೆ," ಎಂದ. ಸರಿದೆ. ಉಪ್ಪು ಅಳೆಯುವ ಬೆಳ್ಳಿಯ ದ್ರಾವಣ ತಾಗಿ ತಾಗಿ ಬೆರಳು ಕಪ್ಪಾಗಿರುವುದು ಅವನಿಗೆ ಇಷ್ಟವಾಗಿರಲಾರದು. ಗುರುವಾರ ಚಿತ್ರ ಅಚ್ಚಾಯಿತು. ಕುರ್ಚಿ ಚೆನ್ನಾಗಿ ಬಂದಿದೆ.

ಎಲ್ಲರೂ ನಿನ್ನ ಬಗ್ಗೆ ಕೇಳುತ್ತಾರೆ. ಮೀನಿನ ಅಂಗಡಿಯವಳು ಕೂಡ ತೂಕ ಹಾಕುವುದನ್ನು ಬಿಟ್ಟು ಕೇಳಿದಳು. ಚೆನ್ನಾಗಿದ್ದಾಳೆ ಎಂದು ಹೇಳುತ್ತೇನೆ. ಅದಕ್ಕಿಂತ ಹೆಚ್ಚು ಹೇಳಲು ನನಗೇನು ಗೊತ್ತು? ತಂತಿಯ ಮೇಲೆ ಬೆರಳಿಟ್ಟವಳು ನೀನು.

ಬಂದರಿಗೆ ಯಾಕೆ ಬರಲಿಲ್ಲವೆಂದು ಹೇಳಿದ್ದೇನೆ.

ಹಾಲ್ದಿಸ್


ಸೇದಿಸ್‌ಫ್ಯೋರ್ದ್, ಐಸ್‌ಲ್ಯಾಂಡ್, ೧೨ ಜೂನ್

ಅಕ್ಕಾ,

ಇನ್ನೂ ಐದು ಪೆಟ್ಟಿಗೆಗಳನ್ನು ಇಲ್ಲಿಂದ ಕಳಿಸುತ್ತಿದ್ದೇನೆ, ನಾಲ್ಕರಿಂದ ಎಂಟರವರೆಗೆ. ಕೊನೆಯ ಎರಡರಲ್ಲಿ ಎರಡು ಸಾವಿರ ಮೀಟರಿನ ನೀರಿದೆ. ಆ ದಿನ ಗಾಳಿ ಕೆಟ್ಟದಾಗಿತ್ತು. ರಾಟೆಯ ಹತ್ತಿರ ನನ್ನನ್ನು ಹಗ್ಗದಿಂದ ಕಟ್ಟಿ ನಿಲ್ಲಿಸಿದ್ದರು. "ಇವಳು ಬಿದ್ರೆ ಚಿಂತೆಯಿಲ್ಲ, ಆದ್ರೆ ಥರ್ಮಾಮೀಟರ್ ಇವಳ ಕೈಲಿದೆ," ಎಂದು ಆಸ್ಲಾಕ್ ಕೂಗುತ್ತಿದ್ದ.

ಒಂದು ಮಾತಿದೆ. ಡಾಕ್ಟರ್ ಟ್ವೈಟ್ ಕ್ಯಾಪ್ಟನ್ನಿಗೆ ಬರೆದಿದ್ದಾರಂತೆ. ಈ ಬೇಸಿಗೆಯ ನೀರೆಲ್ಲ ಸರಿಯಾಗಿ ಬಂದರೆ ಹಡಗಿನಲ್ಲಿ ಒಬ್ಬ ಹೆಂಗಸಿಗೆ ಖಾಯಂ ಜಾಗ ಮಾಡುತ್ತಾರಂತೆ, ವರ್ಷಕ್ಕೆ ಮೂರು ಯಾನ. ಸರಿಬರದಿದ್ದರೆ ಆ ಕೋಣೆಗೆ ಮತ್ತೆ ಆಲೂಗಡ್ಡೆ. ಕ್ಯಾಪ್ಟನ್ ಊಟದ ಹೊತ್ತಿಗೆ ಇದನ್ನು ಹೇಳಿದಾಗ ಎಲ್ಲರೂ ಬಟಾಣಿ ಸೂಪಿನ ತಟ್ಟೆ ಬಡಿದರು. ನನಗೆ ಅಳು ಬಂತು, ಮೆಣಸು ಜಾಸ್ತಿಯೆಂದು ಹೇಳಿದೆ.

ನೀನೂ ಅರ್ಜಿ ಹಾಕು. ನಿಜವಾಗಿ ಹೇಳುತ್ತಿದ್ದೇನೆ. ಒಂದು ಜಾಗ ಆದಮೇಲೆ ಇನ್ನೊಂದು ಆಗುತ್ತದೆ. ಮುಂದಿನ ವರ್ಷ ನಾವಿಬ್ಬರೂ ಒಂದೇ ಕೋಣೆಯಲ್ಲಿ ಮಲಗಿ ಜಗಳವಾಡಬಹುದು. ನೀನು ಕೆಳಗಿನ ಮಂಚ ತೆಗೆದುಕೊ, ನಿನಗೆ ವಯಸ್ಸಾಯಿತು.

ತಮಾಷೆಗೆ ಹೇಳಿದೆ. ಬೇಗ ಬರೆ.

ಯೋರುನ್


ಬರ್ಗೆನ್, ೩೦ ಜೂನ್

ಮಾನ್ಯ ಡಾಕ್ಟರ್ ಟ್ವೈಟ್ ಅವರಿಗೆ,

ಹಾವ್‌ಸೂಲಾದಿಂದ ಬಂದ ನಾಲ್ಕರಿಂದ ಎಂಟನೆಯ ಪೆಟ್ಟಿಗೆಗಳ ಅಳತೆ ಮುಗಿದಿದೆ. ನಾಲ್ಕು, ಐದು, ಆರು ಸರಿಯಾಗಿವೆ. ಏಳು ಮತ್ತು ಎಂಟರ ನಲವತ್ತೆಂಟು ಶೀಶೆಗಳಲ್ಲಿ ಉಪ್ಪು ಹೆಚ್ಚಾಗಿದೆ. ಆಳದ ನೀರು ೩೪.೯೨ ಇರಬೇಕಾದಲ್ಲಿ ೩೪.೯೪ರಿಂದ ೩೪.೯೭ರವರೆಗೆ ಬಂದಿದೆ. ಪ್ರತಿಯೊಂದನ್ನೂ ಎರಡೆರಡು ಸಲ ಅಳೆದಿದ್ದೇನೆ. ಕೋಪನ್‌ಹೇಗನ್ನಿನ ಪ್ರಮಾಣಿತ ಉಪ್ಪಿನ ನೀರಿನೊಂದಿಗೆ ಹೋಲಿಸಿದ್ದೇನೆ. ಮೇಜಿನಲ್ಲಿ ತಪ್ಪಿಲ್ಲ.

ತುಂಬುವ ಮೊದಲು ಶೀಶೆಗಳನ್ನು ಸಾಕಷ್ಟು ತೊಳೆಯದಿದ್ದಾಗ ಇಂಥ ಹೆಚ್ಚಳ ಕಾಣುತ್ತದೆ. ಆ ದಿನಗಳಲ್ಲಿ ಹವೆ ಕೆಟ್ಟದಾಗಿತ್ತೆಂದು ತಿಳಿದಿದ್ದೇನೆ.

ಶೀಶೆಗಳಲ್ಲಿ ಉಳಿದಿರುವ ನೀರನ್ನು ವಾಡಿಕೆಯಂತೆ ವರದಿ ಅಚ್ಚಾಗುವವರೆಗೆ ಕಪಾಟಿನಲ್ಲಿ ಇಟ್ಟಿದ್ದೇನೆ.

ಹಾಲ್ದಿಸ್ ನೆಸ್


ಬರ್ಗೆನ್, ೬ ಜುಲೈ

ಕುಮಾರಿ ಯೋರುನ್ ನೆಸ್ ಅವರಿಗೆ, ಹಾವ್‌ಸೂಲಾ, ಓಲೆಸುಂಡ್ ಬಂದರಿನ ಮೂಲಕ

ಈ ಪತ್ರ ಬರೆಯುವುದು ನನಗೆ ಸಂತೋಷದ ಕೆಲಸವಲ್ಲ. ಏಳು ಮತ್ತು ಎಂಟನೆಯ ಪೆಟ್ಟಿಗೆಗಳ ನೀರನ್ನು ನಾವು ಬಳಸುವಂತಿಲ್ಲ. ಈ ಯಾನದ ಅತ್ಯಂತ ಆಳದ ನೀರು ಅದೇ ಆಗಿತ್ತು. ಅದನ್ನು ತೆಗೆಯಲು ಹಡಗು ಮತ್ತೆ ಅಲ್ಲಿಗೆ ಹೋಗಬೇಕಾಗುತ್ತದೆ. ಶೀಶೆ ತೊಳೆಯುವ ನಿಯಮ ನಿಮಗೆ ತಿಳಿಯದ್ದಲ್ಲ. ನಿಮ್ಮ ಸಹೋದರಿಗಿಂತ ಚೆನ್ನಾಗಿ ಅದನ್ನು ಯಾರೂ ಕಲಿಸಲಾರರು.

ಕೆಟ್ಟ ಹವೆಯಲ್ಲಿ ಗಂಡಸರೂ ಅವಸರ ಮಾಡುತ್ತಾರೆ. ಆದರೆ ನಿಮ್ಮ ಮೇಲೆ ಹೆಚ್ಚು ಕಣ್ಣುಗಳಿದ್ದವು. ಸಂಸ್ಥೆಯ ಮಂಡಳಿಯಲ್ಲಿ ನಾನು ನಿಮ್ಮ ಪರವಾಗಿ ಮಾತಾಡಿದ್ದೆ, ಈಗ ಆಡಲು ಮಾತಿಲ್ಲ. ದಯವಿಟ್ಟು ಓಲೆಸುಂಡ್‌ನಲ್ಲಿ ಇಳಿಯಿರಿ. ಬರ್ಗೆನ್‌ನಲ್ಲಿ ನಿಮ್ಮ ಹಳೆಯ ಮೇಜು ನಿಮಗಾಗಿ ಇದೆ.

ವಿಶ್ವಾಸದಿಂದ,
ಆನ್ಫಿನ್ ಟ್ವೈಟ್


ಬರ್ಗೆನ್, ೧೬ ಜುಲೈ

ಪ್ರಿಯ ಯೋರುನ್,

ನೀನು ಇಳಿದ ಸುದ್ದಿ ಮೊನ್ನೆ ತಂತಿಯ ಮೂಲಕ ಬಂತು. ನನ್ನ ಸಂಖ್ಯೆಗಳಿಂದ ಹೀಗಾಯಿತೆಂದು ನೀನು ತಿಳಿಯುತ್ತೀಯೇನೋ. ಸಂಖ್ಯೆ ಬಂದದ್ದನ್ನು ಬಂದಂತೆ ಬರೆಯುವುದು ನನ್ನ ಕೆಲಸ.

ಇದನ್ನು ದೊಡ್ಡದು ಮಾಡಿಕೊಳ್ಳಬೇಡ. ಎಲ್ಲರಿಂದಲೂ ತಪ್ಪಾಗುತ್ತದೆ, ಅದರಲ್ಲೂ ಗಾಳಿಯಲ್ಲಿ. ಮನೆಗೆ ಬಾ. ನಿನ್ನ ಹಾಸಿಗೆಗೆ ಬಿಸಿಲು ಕಾಣಿಸಿದ್ದೇನೆ. ಅಂಗಡಿಗೆ ಹೊಸ ಕಂದು ಗಿಣ್ಣು ಬಂದಿದೆ.

ನಿನ್ನ ಅಕ್ಕ,
ಹಾಲ್ದಿಸ್


ಹಾರ್ಡಾಂಗರ್, ೨೦ ಜುಲೈ

ಪ್ರಿಯ ಕುಮಾರಿ ಹಾಲ್ದಿಸ್ ನೆಸ್,

ರಜೆಯ ಮನೆಯಿಂದ ಬರೆಯುತ್ತಿದ್ದೇನೆ, ಕಾಗದದ ಮೇಲೆ ಚೆರ್ರಿಯ ಕಲೆಯಿದ್ದರೆ ಕ್ಷಮಿಸಿ.

ಸ್ವಂತ ತಂಗಿಯ ತಪ್ಪನ್ನು ಒಂದು ಪದ ಹೆಚ್ಚೂ ಇಲ್ಲದೆ, ಕಡಿಮೆಯೂ ಇಲ್ಲದೆ ವರದಿ ಮಾಡಿದ ನಿಮ್ಮ ರೀತಿಯನ್ನು ಮಂಡಳಿ ಮೆಚ್ಚಿಕೊಂಡಿದೆ. ಖಾಯಂ ಜಾಗವನ್ನು ಕೈಬಿಡುವ ಮೊದಲು ಇನ್ನೊಂದು ಸಲ ಪ್ರಯತ್ನಿಸೋಣ ಎಂದು ನಾನು ವಾದಿಸಿದೆ. ಈ ಸಲ ಪಳಗಿದ, ಅವಸರ ಮಾಡದ ಕೈ ಬೇಕು. ಸೆಪ್ಟೆಂಬರ್ ಕೊನೆಗೆ ಹೊರಡುವ ಯಾನಕ್ಕೆ ನೀವು ಹೋಗುತ್ತೀರಾ? ಹಿಂದೆ ಮೂರು ಸಲ ನೀವು ಕೇಳಿದ್ದಿರಿ ಎಂದು ಕಡತದಲ್ಲಿ ನೋಡಿದೆ. ಆಗ ನನಗೆ ಹೌದೆನ್ನಲು ಧೈರ್ಯವಿರಲಿಲ್ಲ. ಅದಕ್ಕಾಗಿ ಈಗ ಕ್ಷಮೆ ಕೇಳುತ್ತೇನೆ.

ನಿಮ್ಮ,
ಆನ್ಫಿನ್ ಟ್ವೈಟ್


ಓಲೆಸುಂಡ್, ೨ ಆಗಸ್ಟ್

ಅಕ್ಕಾ,

ಮನೆಗೆ ಬರುವುದಿಲ್ಲ. ಪ್ರಯೋಗಶಾಲೆಯವರ ಮುಖ ನೋಡಲಾರೆ, ಪತ್ರಿಕೆಯಲ್ಲಿ ಬಂದ ಆ ಕುರ್ಚಿಯಲ್ಲಿ ಕೂರಲಾರೆ. ಆಸ್ಲಾಕನ ಹೆಂಡತಿ ಗುರೀನೆಯ ಮನೆಯ ಮೇಲಂತಸ್ತಿನಲ್ಲಿದ್ದೇನೆ. ಇಲ್ಲಿನ ಹೆರಿಂಗ್ ಎಣ್ಣೆ ಕಾರ್ಖಾನೆಯಲ್ಲಿ ಎಣ್ಣೆ ಪರೀಕ್ಷಿಸುವ ಕೆಲಸ ಸಿಕ್ಕಿದೆ. ತಲೆಗೂದಲೂ ನಾರುತ್ತದೆ.

ನನಗೆ ಬಂದ ಡಾಕ್ಟರ್ ಟ್ವೈಟರ ಪತ್ರವನ್ನು ಕ್ಯಾಪ್ಟನ್ ಎಲ್ಲರ ಮುಂದೆ ಓದಿದ ದಿನದ್ದನ್ನು ಹೇಳಬೇಕು. ಆಸ್ಲಾಕ್ ಟೋಪಿ ತೆಗೆದು ಮೇಜಿನ ಮೇಲಿಟ್ಟ.

"ಸುಳ್ಳು," ಎಂದ.

"ಯಾವುದು ಸುಳ್ಳು?" ಎಂದರು ಕ್ಯಾಪ್ಟನ್.

"ತೊಳೀಲಿಲ್ಲ ಅನ್ನೋದು. ನಾನು ಪಕ್ಕದಲ್ಲಿದ್ದೆ. ಆವತ್ತು ನಾಕ್ನಾಕು ಸಲ ತೊಳೆದ್ಳು. ಬೇಗ ಮುಗಿಸೇ ತಾಯಿ, ಕೈ ಸೆಟೆದೋಯ್ತು ಅಂತ ನಾನೇ ಬೈದಿದೀನಿ."

"ಮತ್ತೆ ಉಪ್ಪು ಎಲ್ಲಿಂದ ಬಂತು?"

"ಸಮುದ್ರದಲ್ಲಿ ಉಪ್ಪು ಎಲ್ಲಿಂದ ಬಂತು ಅಂತ ನನ್ನ ಕೇಳ್ತೀರಲ್ಲ ಸ್ವಾಮಿ."

ಯಾರೋ ನಕ್ಕರು. ನಾನು ನಗಲಿಲ್ಲ. ಅವನ ಮಾತನ್ನು ತಡೆದವಳು ನಾನೇ, ಅಕ್ಕಾ. "ಅಳೆದಿರೋದು ನಮ್ಮಕ್ಕ. ಅವಳು ತಪ್ಪು ಅಂದ್ರೆ ತಪ್ಪೇ. ನಾನೇ ಎಲ್ಲೋ ಎಣಿಕೆ ತಪ್ಪಿರ್ಬೇಕು," ಎಂದೆ. ಆಸ್ಲಾಕ್ ನನ್ನನ್ನು ಒಂದು ಥರ ನೋಡಿ ಟೋಪಿ ಹಾಕಿಕೊಂಡು ಹೊರಗೆ ಹೋದ.

ಈಗ ಆ ದಿನವನ್ನು ನೆನೆಸಿಕೊಂಡರೆ ಮೂರೋ ನಾಲ್ಕೋ ಗೊತ್ತಾಗುವುದಿಲ್ಲ. ಕೆಲವು ಸಲ ಒಂದೇ ಸಲ ತೊಳೆದ ಹಾಗೆ ಕಾಣುತ್ತದೆ. ನನ್ನ ಕೈ ಏನು ಮಾಡಿತೆಂದು ನನಗೇ ತಿಳಿಯದಿದ್ದರೆ ನಾನು ಯಾವ ಕೆಲಸಕ್ಕೆ ಬಂದೆ? ಮೊನ್ನೆ ಕಾಫಿ ಲೋಟ ತೊಳೆಯುತ್ತಿದ್ದೆ. ಗುರೀನೆ ಬಂದು ಕೈಯಿಂದ ಕಿತ್ತುಕೊಂಡಳು. "ಬಿಡೇ, ಲೋಟದ ಮೇಲಿನ ಹೂವೂ ಅಳಿಸಿಹೋಗುತ್ತೆ," ಎಂದಳು.

ಒಂದು ಕೇಳುತ್ತೇನೆ. ಉಳಿದ ನೀರು ಕಪಾಟಿನಲ್ಲಿ ಇದ್ದೇ ಇರುತ್ತದೆ. ಯಾವಾಗಲಾದರೂ ಬಿಡುವಾದಾಗ ಒಂದೆರಡು ಶೀಶೆಯನ್ನು ಮತ್ತೆ ನೋಡುತ್ತೀಯಾ? ಫಲ ಬದಲಾಗಲೆಂದು ಅಲ್ಲ. ನೀನು ಇನ್ನೊಂದು ಸಲ ನೋಡಿ ತಪ್ಪು ನನ್ನದೇ ಎಂದರೆ ನಾನು ನಂಬಿಬಿಡುತ್ತೇನೆ. ನಂಬಿದರೆ ಸಾಕೆನಿಸಿದೆ.

ನೀನು ಸೆಪ್ಟೆಂಬರಿನಲ್ಲಿ ಹೋಗುತ್ತೀಯೆಂದು ಆಸ್ಲಾಕನಿಗೆ ಸುದ್ದಿ ಬಂದಿದೆ. ನಿಜವಾದರೆ ಉಣ್ಣೆಯ ಕಾಲುಚೀಲ ಆರು ಜೊತೆ ಒಯ್ಯಿ. ಬಂದರಿಗೆ ಬರುವಷ್ಟು ಒಳ್ಳೆಯವಳು ನಾನಲ್ಲ, ಆದರೆ ಸಂತೋಷಪಡಲು ಪ್ರಯತ್ನಿಸುತ್ತಿದ್ದೇನೆ.

ಯೋರುನ್


ಬರ್ಗೆನ್, ೧೬ ಆಗಸ್ಟ್

ಮಾನ್ಯ ಡಾಕ್ಟರ್ ಟ್ವೈಟ್ ಅವರಿಗೆ,

ಸೆಪ್ಟೆಂಬರಿನ ಯಾನಕ್ಕೆ ನಾನು ಹೋಗುವುದಿಲ್ಲ. ಕಾರಣವನ್ನು ಬರೆಯುತ್ತೇನೆ.

ಯುದ್ಧದ ವರ್ಷಗಳಲ್ಲಿ ರಬ್ಬರ್ ಸಿಗುತ್ತಿರಲಿಲ್ಲ. ಶೀಶೆಗಳ ಹಳೆಯ ಬಳೆಗಳನ್ನು ಸೋಡಾ ಹಾಕಿ ಕುದಿಸಿ, ತಿರುವಿ ಹಾಕಿ ಮತ್ತೆ ಬಳಸುತ್ತಿದ್ದೆ. ನಿಮಗೆ ನೆನಪಿರಬಹುದು, ಆಗ ನನ್ನನ್ನು ಹೊಗಳಿದ್ದಿರಿ. ಅಂಥ ಬಳೆಗಳನ್ನು ಕಾಫಿ ಡಬ್ಬಿಯಲ್ಲಿ ಕೂಡಿಡುವುದು ಇಂದಿಗೂ ಬಿಟ್ಟಿಲ್ಲ. ಏಪ್ರಿಲ್ ಹದಿನಾಲ್ಕರಂದು ಪೆಟ್ಟಿಗೆ ತುಂಬುವಾಗ ಹೊಸ ಬಳೆಗಳು ನಲವತ್ತೆಂಟು ಕಡಿಮೆ ಬಿದ್ದವು. ಏಳು ಮತ್ತು ಎಂಟನೆಯ ಪೆಟ್ಟಿಗೆಗಳಿಗೆ ಡಬ್ಬಿಯ ಬಳೆಗಳನ್ನು ಹಾಕಿದೆ. ಮರುದಿನ ಬೆಳಿಗ್ಗೆ ಉಗ್ರಾಣದಿಂದ ಹೊಸದನ್ನು ತಂದು ಬದಲಿಸುವ ಯೋಚನೆಯಿತ್ತು. ಬೆಳಿಗ್ಗೆ ನನ್ನ ತಂಗಿ ಪ್ಯಾಂಟು ತೊಟ್ಟು ಎಲ್ಲರಿಗೂ ತೋರಿಸಲು ಬಂದಳು. ಎಲ್ಲರೂ ಅವಳ ಸುತ್ತ ಸೇರಿದರು. ನಾನು ಸುತ್ತಿಗೆ ತೆಗೆದುಕೊಂಡು ಆ ಎರಡು ಪೆಟ್ಟಿಗೆಗಳ ಮುಚ್ಚಳಕ್ಕೆ ಮೊಳೆ ಹೊಡೆದೆ. ಮರೆತೆ ಎಂದರೆ ಅರ್ಧ ನಿಜ.

ಜೂನ್ ಇಪ್ಪತ್ತೆಂಟರಂದು ಉಪ್ಪು ಹೆಚ್ಚು ಬಂದಾಗ ಒಂದು ಮುಚ್ಚಳ ತೆಗೆದು ಬಳೆಯನ್ನು ಉಗುರಿನಿಂದ ಒತ್ತಿ ನೋಡಿದೆ. ಒಣರೊಟ್ಟಿಯಂತೆ ಬಿರಿಯಿತು. ಬಳೆ ಸಡಿಲವಾದರೆ ಶೀಶೆಯ ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಎರಡು ದಿನ ಬಿಟ್ಟು ನಿಮಗೆ ಆ ವರದಿ ಬರೆದೆ. ಸಂಖ್ಯೆಗಳು ಸರಿಯಾಗಿದ್ದವು. ಅವುಗಳ ಕೆಳಗಿನ ವಾಕ್ಯ, ತೊಳೆಯುವುದರ ಬಗ್ಗೆ ಬರೆದದ್ದು, ನಾನು ತಿಳಿದೂ ಬರೆದದ್ದು.

ನನಗೆ ಅವಳ ಮೇಲೆ ಹೊಟ್ಟೆಕಿಚ್ಚಿತ್ತು. ಈಗಲೂ ಇದೆ.

ಹಾಲ್ದಿಸ್ ನೆಸ್


ಹಾರ್ಡಾಂಗರ್, ೧೯ ಆಗಸ್ಟ್

ಪ್ರಿಯ ಕುಮಾರಿ ನೆಸ್,

ನಿಮ್ಮ ಪತ್ರವನ್ನು ನನ್ನ ಹೆಂಡತಿಗೂ ಓದಿ ಹೇಳಿದೆ. ಅವಳ ಕಣ್ಣು ತುಂಬಿತು.

ತಂಗಿಯ ಅವಮಾನವನ್ನು ತನ್ನ ಮೇಲೆ ಎಳೆದುಕೊಳ್ಳುವ ಅಕ್ಕಂದಿರು ಇನ್ನೂ ಇದ್ದಾರೆಂದು ತಿಳಿದು ಸಂತೋಷವಾಯಿತು. ಆದರೆ ಹದಿನಾರು ವರ್ಷ ನಿಮ್ಮ ಕೆಲಸವನ್ನು ನೋಡಿದ್ದೇನೆ. ಹಳೆಯ ಬಳೆ ಹಾಕಿ ಪೆಟ್ಟಿಗೆ ಮುಚ್ಚುವ ಹೆಂಗಸು ನೀವಲ್ಲ. ಹೊಟ್ಟೆಕಿಚ್ಚಿನ ಮಾತು ಬರೆದು ನೀವೇ ಸಿಕ್ಕಿಬಿದ್ದಿದ್ದೀರಿ. ಹೊಟ್ಟೆಕಿಚ್ಚಿರುವವರು ಅದನ್ನು ಹೇಳಿಕೊಳ್ಳುವುದಿಲ್ಲ.

ಪತ್ರವನ್ನು ಹರಿದಿದ್ದೇನೆ. ಯಾನದ ವಿಷಯ ಇನ್ನೊಮ್ಮೆ ಯೋಚಿಸಿ.

ಆನ್ಫಿನ್ ಟ್ವೈಟ್


ಬರ್ಗೆನ್, ೫ ಸೆಪ್ಟೆಂಬರ್

ಮಾನ್ಯ ಡಾಕ್ಟರ್ ಟ್ವೈಟ್ ಅವರಿಗೆ,

ಇದರ ಜೊತೆ ನಾಲ್ಕು ಹಾಳೆಗಳಿವೆ. ಏಳು ಮತ್ತು ಎಂಟನೆಯ ಪೆಟ್ಟಿಗೆಗಳ ನಲವತ್ತೆಂಟು ಶೀಶೆಗಳಲ್ಲಿ ಉಳಿದಿದ್ದ ನೀರನ್ನು ಮತ್ತೆ ಅಳೆದಿದ್ದೇನೆ. ಹೋಲಿಕೆಗೆ ಆರನೆಯ ಪೆಟ್ಟಿಗೆಯ ಇಪ್ಪತ್ತನಾಲ್ಕನ್ನೂ ಅಳೆದಿದ್ದೇನೆ. ಎಲ್ಲವೂ ಒಂದೇ ಕಪಾಟಿನ ಒಂದೇ ಹಲಗೆಯ ಮೇಲೆ ಒಂಬತ್ತು ವಾರ ಇದ್ದವು.

ತೊಳೆಯದ ಶೀಶೆಯಾದರೆ ಉಪ್ಪು ಒಂದೇ ಸಲ ಸೇರುತ್ತದೆ, ಆಮೇಲೆ ಅಷ್ಟಕ್ಕೇ ನಿಲ್ಲುತ್ತದೆ. ಸೋರುವ ಶೀಶೆಯಲ್ಲಿ ಅದು ನಿಲ್ಲುವುದಿಲ್ಲ. ಆರನೆಯ ಪೆಟ್ಟಿಗೆ ಜೂನಿನಲ್ಲಿ ೩೪.೯೨ ಇತ್ತು, ಇಂದಿಗೂ ೩೪.೯೨. ಏಳು ಮತ್ತು ಎಂಟು ಜೂನಿನಲ್ಲಿ ೩೪.೯೪ರಿಂದ ೩೪.೯೭ ಇದ್ದವು, ಈಗ ೩೪.೯೯ರಿಂದ ೩೫.೦೬. ನಲವತ್ತೆಂಟರಲ್ಲಿ ಒಂದೂ ನಿಂತಿಲ್ಲ.

ಬಳೆಗಳನ್ನು ಬದಲಿಸಿಲ್ಲ. ಬೇರೆ ಯಾರನ್ನಾದರೂ ಕರೆದು ಅಳೆಸಿ ನೋಡಿ. ನನ್ನ ಮಾತನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು. ಈ ನೀರಿಗೆ ತಂಗಿಯಿಲ್ಲ.

ಹಾಲ್ದಿಸ್ ನೆಸ್


ಹಾವ್‌ಸೂಲಾ, ೧೧ ಅಕ್ಟೋಬರ್

ಹಾಲ್ದಿಸ್,

ಡಾಕ್ಟರ್ ಟ್ವೈಟ್ ಓಲೆಸುಂಡಿಗೆ ಸ್ವತಃ ಬಂದಿದ್ದರು. ನಿನ್ನ ಹಾಳೆಗಳನ್ನು ಗುರೀನೆಯ ಊಟದ ಮೇಜಿನ ಮೇಲೆ ಹರಡಿ ತೋರಿಸಿದರು. ನೀನು ಆಗಸ್ಟಿನಲ್ಲಿ ಬರೆದ ಪತ್ರವನ್ನು ಹರಿದುಹಾಕಿದ್ದರಿಂದ ಅದರಲ್ಲಿದ್ದುದನ್ನು ಬಾಯಲ್ಲಿ ಹೇಳಿದರು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಅವರು ಹೋದ ಮೇಲೆ ಗುರೀನೆ, "ಸ್ವಂತ ಅಕ್ಕಾನಾ?" ಎಂದಳು. ಹೌದೆಂದೆ. "ನನಗೂ ಒಬ್ಬಳಿದಾಳೆ," ಎಂದು ಎದ್ದು ಒಲೆಯ ಹತ್ತಿರ ಹೋದಳು.

ಜಾಗ ಸಿಕ್ಕಿತು. ಖಾಯಂ. ಆಳದ ನೀರನ್ನು ಮತ್ತೆ ತೆಗೆಯಲು ಅದೇ ಸ್ಥಳಕ್ಕೆ ಹೋಗುತ್ತಿದ್ದೇವೆ. ನಿನ್ನನ್ನು ಕೆಲಸದಿಂದ ತೆಗೆದಿಲ್ಲ, ಪೆಟ್ಟಿಗೆ ತುಂಬುವುದನ್ನು ಮಾತ್ರ ಬೇರೆಯವರಿಗೆ ವಹಿಸಿದ್ದಾರೆಂದು ಕೇಳಿದೆ. ನಿನ್ನ ಹಾಗೆ ಅಳೆಯುವವರು ಇನ್ನೊಬ್ಬರಿಲ್ಲ, ಅದಕ್ಕೆ.

ಮೂರು ಸಲ ಕಾಗದ ಬರೆದು ಹರಿದೆ. ಬಳೆಯನ್ನು ಮರೆತದ್ದಕ್ಕೆ ನಿನ್ನ ಮೇಲೆ ಕೋಪವಿಲ್ಲ. ನಾನೂ ಏನೇನೋ ಮರೆತಿದ್ದೇನೆ. ಆದರೆ ಜುಲೈಯಲ್ಲಿ ನೀನು ನನಗೆ ಬರೆದೆ, ಎಲ್ಲರಿಂದಲೂ ತಪ್ಪಾಗುತ್ತದೆ ಎಂದು. ಹಾಸಿಗೆಗೆ ಬಿಸಿಲು ಕಾಣಿಸಿದ್ದೇನೆ ಎಂದು. ಆಗ ನಿನಗೆ ಗೊತ್ತಿತ್ತು. ಎಂಟು ವಾರ ನಾನು ನನ್ನ ಕೈಯನ್ನೇ ನೋಡುತ್ತ ಕುಳಿತಿದ್ದೆ.

ಒಂದೇ ಪ್ರಶ್ನೆ. ಅದಕ್ಕೆ ಉತ್ತರ ಬಂದಮೇಲೆ ಕ್ರಿಸ್ಮಸ್ಸಿಗೆ ಮನೆಗೆ ಬರುವುದೋ ಬೇಡವೋ ನಿರ್ಧರಿಸುತ್ತೇನೆ. ಆ ವರದಿ ಬರೆಯುವಾಗ ನಿನಗೆ ಏನು ಬೇಕಾಗಿತ್ತು? ಹಡಗಿಗೆ ನೀನು ಹೋಗಬೇಕೆಂದೇ? ಹಾಗಿದ್ದರೆ ಹೇಗೋ ಅರ್ಥ ಮಾಡಿಕೊಳ್ಳುತ್ತೇನೆ. ಮೂರು ಸಲ ಕೇಳಿದವಳು ನೀನು, ಆ ಜಾಗ ನಿನ್ನದೇ ಆಗಬೇಕಿತ್ತು. ಹೌದೆಂದು ಬರೆ, ಸಾಕು.

ಯೋರುನ್


ಬರ್ಗೆನ್, ೨೪ ಅಕ್ಟೋಬರ್

ಪ್ರಿಯ ಯೋರುನ್,

ಹೌದೆಂದು ಬರೆಯುವುದು ಸುಲಭ. ಎರಡು ದಿನ ಹಾಗೆಯೇ ಬರೆದು 'ನಿನ್ನ ಅಕ್ಕ' ಎಂದು ಸಹಿಯನ್ನೂ ಮಾಡಿ ಇಟ್ಟುಕೊಂಡಿದ್ದೆ. ಇಂದು ಅದನ್ನು ಒಲೆಗೆ ಹಾಕಿದೆ.

ಡಾಕ್ಟರ್ ಟ್ವೈಟ್ ನನಗೆ ಜಾಗ ಕೊಟ್ಟ ಕಾಗದ ಜುಲೈ ಇಪ್ಪತ್ತೆರಡಕ್ಕೆ ಬಂತು. ಶನಿವಾರ ಬೆಳಿಗ್ಗೆ ಬಂದರಿನ ಅಂಗಡಿಗೆ ಹೋಗಿ ಸಮುದ್ರದ ಬೂಟು ಕೇಳಿದೆ. ಅಂಗಡಿಯವನು, "ಯಾರಿಗೆ ಮೇಡಂ, ಮಗನಿಗಾ?" ಎಂದ. "ನನಗೇ," ಎಂದೆ. "ಹೋ, ಪೇಪರಿನಲ್ಲಿ ಬಂದಿದ್ದು ನಿಮ್ಮ ಬಗ್ಗೆನಾ?" ಎಂದು ಒಂದು ಜೊತೆ ತಂದು ನನ್ನ ಕಾಲ ಬಳಿ ಮಂಡಿಯೂರಿ ತೊಡಿಸಿದ. ಅಳತೆ ಸರಿಯಾಗಿತ್ತು. ಅಂಗಡಿಯಲ್ಲಿ ಗೋಡೆಯಿಂದ ಗೋಡೆಗೆ ಎರಡು ಸಲ ನಡೆದೆ. ಕಿಟಕಿಯ ಆಚೆ ಹಡಗುಗಳು ಕಾಣುತ್ತಿದ್ದವು. ಏಳು ವರ್ಷ ಕಾದದ್ದು ಈಗ ಬಂದಿದೆ, ಇನ್ನೇನು ಖುಷಿಯಾಗುತ್ತದೆ ಎಂದು ನಿಂತೆ. ಆಗಲಿಲ್ಲ. ಇನ್ನೂ ಸ್ವಲ್ಪ ಹೊತ್ತು ನಿಂತೆ. ಅಂಗಡಿಯವನು ಬೇರೆ ಗಿರಾಕಿಯ ಕಡೆ ಹೋಗಿ ಬಂದ. ಬೂಟು ಕಚ್ಚುತ್ತದೆಂದು ಹೇಳಿ ಬಿಚ್ಚಿಕೊಟ್ಟು ಬಂದೆ. ಅದು ಕಚ್ಚುತ್ತಿರಲಿಲ್ಲ.

ನೀನು ಕೇಳಿದ ಉತ್ತರ ಆ ಕಾಗದ ಬರುವುದಕ್ಕೂ ಎಂಟು ದಿನ ಮೊದಲಿನದು. ಹದಿನಾಲ್ಕನೆಯ ತಾರೀಕು, ನಿನ್ನನ್ನು ಓಲೆಸುಂಡ್‌ನಲ್ಲಿ ಇಳಿಸಿದರೆಂದು ತಂತಿ ಬಂದಿತ್ತು. ಆವತ್ತು ಮನೆಗೆ ಬಂದು ಎರಡು ತಟ್ಟೆ ಮೀನಿನ ಸೂಪು ಕುಡಿದೆ. ಏಪ್ರಿಲಿನಿಂದ ಸರಿಯಾಗಿ ನಿದ್ದೆ ಇರಲಿಲ್ಲ. ಆವತ್ತು ಮಲಗಿದವಳಿಗೆ ಬೆಳಿಗ್ಗೆ ಏಳು ಗಂಟೆಯವರೆಗೆ ಎಚ್ಚರವೇ ಆಗಲಿಲ್ಲ.

ಹಾಲ್ದಿಸ್